ಕುಂಕುಮ ಹಚ್ಚಿದ ಮೀಟರ್

“ಸತ್ತಿತ್ತು ಅಂದ್ನೆಲ್ರಿ! ಇನ್ನ ಎಷ್ಟು ಸಲ ಹೇಳ್ಬೇಕು? ಹಬ್ಬ ಮುಗಿಸಿ ಕೆಲಸಕ್ಕ ನಿಂತ ದಿನಾನ ಆ ಮೀಟರ್ ಸತ್ತಿತ್ತು!”

“ದನಿ ಇಳಿಸಲೇ. ಇದೇನು ನಿಮ್ಮ ಮಾವನ ಮನಿ ಪಡಸಾಲಿ ಅಲ್ಲ.”

“ನಿಮ್ಮ ಸ್ಟೇಷನ್ನೂ ಅಲ್ರಿ ಸಾಹೇಬ್ರ. ನಮ್ಮ ಆಫೀಸಿದು.”

ಎಎಸ್‌ಐ ಪಾಲಾಕ್ಷಪ್ಪ ಟೇಬಲ್ಲಿಗೆ ಗುದ್ದಿದ. ಮೇಲಿದ್ದ ಪೇಡದ ಡಬ್ಬಿ ಎಗರಿ ಮುಚ್ಚಳ ಕಳಚಿಕೊಂಡಿತು. ಅದರ ಪಕ್ಕದಲ್ಲಿದ್ದ, ವಿಕಿರಣ ಅಳೆಯುವ ಹಳದಿ ಬಣ್ಣದ ಮೀಟರ್ ಇದ್ದ ಜಾಗದಲ್ಲೇ ಇತ್ತು. ಅದರ ಹಿಡಿಕೆಯ ಸಂದಿನಲ್ಲಿ ಕುಂಕುಮ ಇನ್ನೂ ಅಂಟಿಕೊಂಡಿತ್ತು.

ಎದುರಿಗಿದ್ದ ಗುರುಬಸವರಾಜ ಅದರಿಂದ ಕಣ್ಣು ಕೀಳಲಿಲ್ಲ. ಹರಪನಹಳ್ಳಿಯವನು. ನೀರಿನ ಪೈಪ್‌ಲೈನಿನ ಬೆಸುಗೆಗಳನ್ನು ವಿಕಿರಣ ಹಾಯಿಸಿ ಫಿಲ್ಮಿನಲ್ಲಿ ಸೆರೆಹಿಡಿದು, ಬಿರುಕಿದೆಯೋ ಇಲ್ಲವೋ ಹೇಳುವುದು ಅವನ ಕೆಲಸ. ಅದಕ್ಕೆ ಬಳಸುವ ಕ್ಯಾಮರಾದ ಹೊಟ್ಟೆಯಲ್ಲಿರಬೇಕಿದ್ದ ಸೋರ್ಸ್, ವಿಕಿರಣ ಸೂಸುವ ತುಂಡು, ಕಾಣೆಯಾಗಿತ್ತು. ಕದ್ದವನೆಂದು ಹಿಡಿದಿದ್ದ ಹೆಲ್ಪರ್ ಚೌಡಣ್ಣ ಬೆರಳು ಬೆಂದು ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಯಲ್ಲಿ ಮಲಗಿದ್ದ. ಸೋರ್ಸ್ ಮಾತ್ರ ಇನ್ನೂ ಸಿಕ್ಕಿರಲಿಲ್ಲ.

ಅದೇನು ದೊಡ್ಡ ವಸ್ತುವಲ್ಲ. ಅದಕ್ಕೆ ಬಿಸಿಯಿಲ್ಲ, ಬೆಳಕಿಲ್ಲ, ವಾಸನೆಯಿಲ್ಲ. ಪಕ್ಕದಲ್ಲಿಟ್ಟುಕೊಂಡು ಮಲಗಿದವನಿಗೆ ತಾನು ಸಾಯುತ್ತಿದ್ದೇನೆಂದೂ ಗೊತ್ತಾಗುವುದಿಲ್ಲ. ಈ ಹೊತ್ತಿನಲ್ಲೂ ಅದು ಯಾವುದೋ ಮನೆಯಲ್ಲಿ, ಯಾರದೋ ಪಕ್ಕದಲ್ಲಿ ಇರಬಹುದಿತ್ತು. ಪಾಲಾಕ್ಷಪ್ಪನಿಗೆ ಎರಡು ದಿನದಿಂದ ಊಟ ಸೇರದಿದ್ದದ್ದು ಇದೇ ಕಾರಣಕ್ಕೆ.

ಇನ್ನೊಂದು ಕಾರಣವೂ ಇತ್ತು. ಚೌಡಣ್ಣನ ಕೆನ್ನೆಗೆ ಬಾರಿಸಿದ್ದು ಅವನೇ. ‘ಕೈ ಸುಟ್ಟೈತಿ ಅಂದ್ರ ಕದ್ದವ ನೀನ’ ಎಂದು. ಚೌಡಣ್ಣ ಏನೋ ಹೇಳಲು ಬಾಯಿ ತೆರೆದಿದ್ದ. ಅದನ್ನು ಕೇಳುವ ಸಹನೆ ಆಗ ಪಾಲಾಕ್ಷಪ್ಪನಿಗೆ ಇರಲಿಲ್ಲ.

“ಸತ್ತ ಮೀಟರ್ ಅಂತೀಯಲ್ಲ,” ಎಂದ. “ಇದನ್ನ ರಿಪೇರಿಗೆ ಎಲ್ಲಿ ಕೊಟ್ಟಿದ್ದಿ?”

“ಕೊಟ್ಟೂರಾಗ. ಉಜ್ಜಿನಪ್ಪನ ಅಂಗಡ್ಯಾಗ.”

“ಉಜ್ಜಿನಪ್ಪ ಮಿಕ್ಸರ್ ರಿಪೇರಿ ಮಾಡಾವ.”

“ರೇಡಿಯೋನೂ ಮಾಡ್ತಾನ್ರಿ.”

“ಹೌದಪ. ಚಟ್ನಿ ಅರಿಯೋ ಮಿಕ್ಸರ್ ಪಕ್ಕ ಇಟ್ಟಿದ್ದ ಇದನ್ನ. ಬಿಚ್ಚಿ ನೋಡ್ಯಾನ, ಏನೂ ಕೆಟ್ಟಿದ್ದು ಕಾಣಲಿಲ್ಲಂತ. ತನಗ ತಿಳಿಯವಲ್ದು ಅಂತ ಮುಚ್ಚಿಟ್ಟಾನ. ಮೇಡಂ, ನೀವ ತೋರಿಸ್ರಿ ಇವನಿಗೆ.”

ಕಿಟಕಿಯ ಬಳಿ ನಿಂತಿದ್ದ ಸುಮಲತಾ ಟೇಬಲ್ಲಿನ ಹತ್ತಿರ ಬಂದಳು. ಕಂಪನಿಯ ವಿಕಿರಣ ಸುರಕ್ಷತಾ ಅಧಿಕಾರಿ. ಹಡಗಲಿಯ ಕಡೆಯ ಹೆಣ್ಣುಮಗಳು. ನಿನ್ನೆ ಬಂದವಳೇ ಕ್ಯಾಂಪನ್ನು ಮೂಲೆಮೂಲೆಯೂ ತನ್ನ ಮೀಟರಿನಿಂದ ಜಾಲಾಡಿದ್ದಳು. ಎಲ್ಲೂ ಏನೂ ಇರಲಿಲ್ಲ. ಮೂಲೆಯಲ್ಲಿ ಕೂತಿದ್ದ ಕ್ಯಾಮರಾ, ಹಾಲಿನ ಕ್ಯಾನಿನಷ್ಟು ಭಾರದ ಆ ಡಬ್ಬಿ, ಖಾಲಿ ಎಂದು ಖಚಿತಪಡಿಸಿದ್ದಳು.

ಆದರೆ ಖಾಲಿಯಾದದ್ದು ಯಾವಾಗ? ಜಗಳ ಇದ್ದದ್ದು ಅಲ್ಲಿ.

ಹಬ್ಬದ ರಜೆ ಮುಗಿದ ಮೇಲೂ ಸೋರ್ಸ್ ಒಳಗಿತ್ತು, ಊರಿಂದ ವಾಪಸ್ ಬಂದ ಚೌಡಣ್ಣ ಕದ್ದ ಎಂದು ಗುರುಬಸವರಾಜ ಹೇಳಿಕೆ ಕೊಟ್ಟಿದ್ದ. ಚೌಡಣ್ಣನ ಮೇಲೆ ಕೇಸು ನಿಂತಿದ್ದೂ ಅದೊಂದೇ ಮಾತಿನ ಮೇಲೆ.

ಸುಮಲತಾ ಹಳದಿ ಮೀಟರ್ ಎತ್ತಿಕೊಂಡಳು. ಗುಂಡಿ ತಿರುಗಿಸಿ ಬ್ಯಾಟರಿ ನೋಡಿದಳು. ಚೀಲದಿಂದ ಅಂಗಿಯ ಗುಂಡಿಯಷ್ಟು ಚಿಕ್ಕ ಬಿಲ್ಲೆಯೊಂದನ್ನು ತೆಗೆದಳು. ಮೀಟರ್ ಪರೀಕ್ಷೆಗೆಂದೇ ಇರುವ, ಕೈಗೆ ಅಪಾಯವಿಲ್ಲದ ಬಿಲ್ಲೆ ಅದು. ಮೀಟರಿನ ಮೂತಿಗೆ ಹಿಡಿದಳು.

ಕಟಕಟ, ಕಟಕಟ ಎಂದಿತು ಮೀಟರ್. ಮುಳ್ಳು ಏರಿ ನಿಂತಿತು.

ಗುರುಬಸವರಾಜ ಕುರ್ಚಿಯಲ್ಲಿ ಮುಂದೆ ಸರಿದ.

“ಇವತ್ತು ನಡೀತೈತಿ,” ಎಂದ ಕಷ್ಟಪಟ್ಟು. “ಅವತ್ತು ನಡೀಲಿಲ್ಲ. ಬ್ಯಾಟರಿ ಬದಲಿಸಿದ್ರೂ ನಡೀಲಿಲ್ಲ.”

“ಗುರುಬಸವರಾಜ್, ಬೆಳಿಗ್ಗೆ ಕೆಲಸಕ್ಕೆ ಮೊದಲು ಮೀಟರ್ ಪರೀಕ್ಷೆ ಹೆಂಗೆ ಮಾಡ್ತೀರಿ? ನನಗೊಮ್ಮೆ ಹೇಳ್ರಿ.”

“ನಿಮಗ ಗೊತ್ತಿಲ್ಲೇನ್ರಿ ಮೇಡಂ?”

“ನೀವು ಹೇಳ್ರಿ.”

ಅವನು ಗೋಡೆ ನೋಡುತ್ತ ಒಪ್ಪಿಸಿದ. “ಬ್ಯಾಟರಿ ನೋಡಬೇಕು. ಆಮ್ಯಾಲೆ ಸೋರ್ಸ್ ಒಳಗಿರೋ ಕ್ಯಾಮರಾದ ಮಗ್ಗಲಿಗೆ ಹಿಡೀಬೇಕು. ಮುಳ್ಳು ಏರಿದ್ರ ಮೀಟರ್ ಸರಿ ಐತಿ ಅಂತ.”

“ಏರದಿದ್ರೆ?”

“ಮೀಟರ್ ಕೆಟ್ಟೈತಿ ಅಂತ.”

“ಅಷ್ಟೇನಾ? ಇನ್ನೊಂದು ಅರ್ಥ ಇಲ್ವಾ?”

 ತಗಡಿನ ಶೆಡ್ಡಿನ ಮೇಲೆ ಮಧ್ಯಾಹ್ನದ ಬಿಸಿಲು ಚಟಚಟ ಎನ್ನುತ್ತಿತ್ತು. ಟೇಬಲ್ ಮೇಲಿದ್ದ ಗುರುಬಸವರಾಜನ ಫೋನು ಹೊಡೆದುಕೊಂಡಿತು. ಅವನು ನೋಡದೆಯೇ ಕಟ್ ಮಾಡಿದ. ಬೆಳಿಗ್ಗೆಯಿಂದ ಹೀಗೇ ನಡೆದಿತ್ತು.

“ಅವತ್ತು ಕ್ಯಾಮರಾಕ್ಕೆ ಹಿಡಿದಾಗ ಮುಳ್ಳು ಏನು ಮಾಡ್ತು? ನೆನಪು ಮಾಡಿಕೊಳ್ರಿ. ಸ್ವಲ್ಪಾನೂ ಅಲುಗಲಿಲ್ವಾ?”

“ಒಂದು ಕೂದಲೆಳೆಯಷ್ಟು ಅಲುಗ್ತು. ಅದನ್ನೇನು ಲೆಕ್ಕಕ್ಕ ಹಿಡೀತೀರಿ? ತಟ್ಟಿದೆ. ಮತ್ತ ಅಷ್ಟ. ಸತ್ತೈತಿ ಅಂದೆ.”

ಸುಮಲತಾ ಮೂಲೆಗೆ ಹೋಗಿ ಮೊಣಕಾಲೂರಿದಳು. ಹಳದಿ ಮೀಟರನ್ನು ಖಾಲಿ ಕ್ಯಾಮರಾದ ಮಗ್ಗುಲಿಗೆ ತಂದಳು. ಪಾಲಾಕ್ಷಪ್ಪ ಬಗ್ಗಿ ನೋಡಿದ. ಗುರುಬಸವರಾಜ ಕೂತಲ್ಲಿಂದಲೇ ಕತ್ತು ಚಾಚಿದ.

ಮುಳ್ಳು ಅಲುಗಿತು. ಕೂದಲೆಳೆಯಷ್ಟು. ಅಲ್ಲಿಗೇ ನಿಂತಿತು.

“ಈ ಡಬ್ಬಿಯ ಒಳಗೋಡೆ ಯುರೇನಿಯಂ ಲೋಹದ್ದು ಅಂತ ನಿಮಗೆ ಗೊತ್ತು,” ಎಂದಳು ಸುಮಲತಾ. “ಸೋರ್ಸ್ ಇಲ್ಲದಿದ್ರೂ ಆ ಲೋಹ ಇಷ್ಟು ತೋರಿಸ್ತದೆ. ಸತ್ತ ಮೀಟರ್ ಇಷ್ಟೂ ತೋರಿಸಲ್ಲ. ಅವತ್ತು ಮೀಟರ್ ನಿಮಗೆ ಸತ್ಯಾನೇ ಹೇಳ್ತು. ಕ್ಯಾಮರಾ ಖಾಲಿ ಐತೆ ಅಂತ. ನೀವು ಅದನ್ನ ತಟ್ಟಿದ್ರಿ. ಆಮೇಲೆ ಮಿಕ್ಸರ್ ಅಂಗಡಿಗೆ ಕಳಿಸಿದ್ರಿ.”

ಬ್ಯಾಗಿನಿಂದ ಒಂದು ಫಿಲ್ಮ್ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಅದರಾಚೆ ಹಗರಿಬೊಮ್ಮನಹಳ್ಳಿ ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸು ಸ್ಪಷ್ಟವಾಗಿ ಕಂಡಿತು.

“ಹಬ್ಬದ ನಂತರ ತೆಗೆದ ಫಿಲ್ಮ್‌ಗಳೆಲ್ಲ ಹಿಂಗೇ, ಗಾಜಿನ ಹಂಗೆ. ವಿಕಿರಣ ಬಿದ್ದಿದ್ರೆ ಕಪ್ಪಾಗಬೇಕಿತ್ತು. ಇದಕ್ಕೇನಂದ್ರಿ?”

“ಫಿಲ್ಮ್ ತೊಳಿಯೋ ಡೆವಲಪರ್ ಹಳೇದಾಗೇತಿ ಅಂದೆ,” ಎಂದ ಗುರುಬಸವರಾಜ. ಅವನ ದನಿ ಈಗ ಯಾರೂ ಹೇಳದೆಯೇ ಇಳಿದಿತ್ತು. “ಹೊಸಾದು ತರಿಸಿದೆ. ಮತ್ತ ಹಂಗ ಬಂತು. ಫಿಲ್ಮ್ ಡಬ್ಬೀನ ಕೆಟ್ಟೈತಿ ಅಂದೆ.”

“ಎಲ್ಲಾರೂ ಕೆಟ್ಟಿದ್ರು, ನೀನೊಬ್ಬ ಸರಿ ಇದ್ದಿ,” ಎಂದ ಪಾಲಾಕ್ಷಪ್ಪ. “ಚೌಡಣ್ಣನೂ ಕೆಟ್ಟಾವ.”

ಹೇಳಿದ ಮೇಲೆ ಅವನ ನಾಲಿಗೆಗೇ ಕಹಿಯಾಯಿತು. ಆ ಸಾಲಿನಲ್ಲಿ ತಾನೂ ನಿಂತಿದ್ದೇನೆಂದು ಅವನಿಗೆ ಗೊತ್ತಿತ್ತು. ಬೆಳಿಗ್ಗೆ ಆಸ್ಪತ್ರೆಗೆ ಹೋದಾಗ ಚೌಡಣ್ಣನ ಹೆಂಡತಿ ಶಾಂತಕುಮಾರಿ ಅವನನ್ನು ನೋಡಿ ಎದ್ದು ನಿಂತು ಗೋಡೆಗೆ ಒತ್ತಿಕೊಂಡಿದ್ದಳು. ಮತ್ತೆ ಹೊಡೆಯಲು ಬಂದನೇನೋ ಎಂದು.

“ಚೌಡಣ್ಣನ ಕೈ ನೋಡಿ ಬಂದೀನಿ,” ಎಂದ. ತನ್ನ ಬಲಗೈ ಎತ್ತಿ, ಹೆಬ್ಬೆರಳಿಗೆ ಎರಡು ಬೆರಳು ಕೂಡಿಸಿ ತೋರಿಸಿದ. ಹಣೆಗೆ ಹಚ್ಚಲು ವಿಭೂತಿ ಎತ್ತಿಕೊಳ್ಳುವ ಹಾಗೆ. “ಇಷ್ಟ ಜಾಗ ಬೆಂದೈತಿ. ಅಂಗೈ ಬೆಂದಿಲ್ಲ. ತೊಡಿ ಬೆಂದಿಲ್ಲ. ಕದ್ದಾವ ಕಿಸೇದಾಗ ಇಟ್ಕೊಂತಾನ, ಇಲ್ಲಾ ಸೊಂಟಕ್ಕ ಸಿಗಿಸ್ತಾನ. ಇಂವ ಚಿಟಿಕಿಯಾಗ ಎತ್ತಿ ಎಲ್ಲೋ ಇಟ್ಟಾನ, ಅಷ್ಟ. ನಾನು ಮೊದಲ ದಿನಾನ ಇದನ್ನ ನೋಡ್ಬೇಕಿತ್ತು.”

ಅವನು ಗುರುಬಸವರಾಜನ ಕಡೆ ತಿರುಗಿದ.

“ಈಗ ಹೇಳು. ಹಬ್ಬಕ್ಕ ಮುಂಚಿನ ಕಡೀ ಫಿಲ್ಮ್ ಯಾವಾಗ ಹೊಡದ್ರಿ?”

“ಆಯುಧ ಪೂಜೆ ದಿನ. ಎಲ್ಲಾ ಬಂದ್ ಮಾಡಿದ್ವಿ. ಅಷ್ಟರಾಗ ಮ್ಯಾಲಿನವರ ಫೋನ್ ಬಂತು. ರಸ್ತೆ ದಾಟೋ ಕಡಿ ಒಂದು ಜಾಯಿಂಟ್ ಉಳದೈತಿ, ಅದನ್ನ ಮುಗಿಸಿಬಿಡ್ರಿ, ನಾಳಿ ಮುಚ್ಚಬೇಕು ಅಂತ. ಒಂದ ಜಾಯಿಂಟ್ ತಾನ ಅಂತ ಹೋದ್ವಿ. ನಾನೂ ಚೌಡನೂ.”

“ಸೋರ್ಸ್ ಕ್ಯಾಮರಾದೊಳಗೆ ವಾಪಸ್ ಬಂತಾ?” ಸುಮಲತಾ ಕೇಳಿದಳು.

“ಕೇಬಲ್ ಒಳಗ ಎಳಿಯೋ ಹ್ಯಾಂಡಲ್ ತಿರುವಿದೆ. ಪೂರ್ತಿ ತಿರುಗ್ತು.”

“ಕ್ಯಾಮರಾದ ಬೀಗ ತಾನಾಗೇ ಬಿತ್ತಾ?” ಎಂದಳು ಸುಮಲತಾ.

ಅವನು ತಲೆ ತಗ್ಗಿಸಿದ. “ಬೀಳಲಿಲ್ರಿ. ತಟ್ಟಿದೆ. ಬಿತ್ತು.”

“ಅದನ್ನೂ ತಟ್ಟಿದ್ರಿ.” ಸುಮಲತಾ ಕಣ್ಣು ಮುಚ್ಚಿಕೊಂಡಳು. “ಹ್ಯಾಂಡಲ್ ತಿರುಗಿದ್ದು ಬರೀ ಕೇಬಲ್ಲು. ಸೋರ್ಸು ಕೇಬಲ್ಲಿನಿಂದ ಕಳಚಿ, ಅದನ್ನ ಕ್ಯಾಮರಾದಿಂದ ಬೆಸುಗೆವರೆಗೆ ಒಯ್ಯೋ ಸಣ್ಣ ಪೈಪಿನಲ್ಲೇ ಉಳಿದಿತ್ತು. ಆಮೇಲೆ ಮೀಟರ್ ಹಿಡಕೊಂಡು ಕ್ಯಾಮರಾದ ಹತ್ರ ಹೋಗಬೇಕಿತ್ತು. ಕ್ಯಾಮರಾದಿಂದ ಶುರು ಮಾಡಿ ಪೈಪಿನ ಉದ್ದಕ್ಕೂ, ತುದಿವರೆಗೂ ನೋಡಬೇಕಿತ್ತು. ನೋಡಿದ್ರೆ ಮೀಟರ್ ಕಿರುಚಿಕೊಳ್ತಿತ್ತು. ಯಾಕೆ ನೋಡಲಿಲ್ಲ?”

“ಮೀಟರ್ ಇರಲಿಲ್ಲ.”

“ಎಲ್ಲಿತ್ತು?”

ಗುರುಬಸವರಾಜ ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಕರಿಯಕ್ಕ ನಿಂತಿದ್ದಳು. ಕ್ಯಾಂಪಿನಲ್ಲಿ ಎಲ್ಲರಿಗೂ ರೊಟ್ಟಿ ಬಡಿದು ಹಾಕುವ ಹೆಂಗಸು. ಚಹಾ ತಂದವಳು ಲೋಟಗಳ ತಟ್ಟೆ ಹಿಡಿದುಕೊಂಡೇ ಕಲ್ಲಾಗಿದ್ದಳು.

“ನನ್ನ ಹತ್ರ ಇತ್ರಿ,” ಎಂದಳು. “ಪೂಜಿಗೆ ಇಟ್ಟಿದ್ದೆ.”

ಪಾಲಾಕ್ಷಪ್ಪ ಅವಳ ಕೈಯಿಂದ ತಟ್ಟೆ ತೆಗೆದುಕೊಂಡು ಕೆಳಗಿಟ್ಟ. “ಹೇಳವ್ವ. ಅಂಜಬ್ಯಾಡ.”

“ಎಲ್ಲಾ ಸಾಮಾನು ತೊಳದು ಸಾಲಾಗಿ ಜೋಡಿಸಿದ್ದೆ ಸಾಹೇಬ್ರ. ವೆಲ್ಡಿಂಗ್ ಮಿಷನ್ನು, ಪಾನಾ, ಸುತ್ತಿಗಿ, ಈ ಮೀಟರ್ರು. ಎಲ್ಲಕ್ಕೂ ವಿಭೂತಿ ಹಚ್ಚಿ ಕುಂಕುಮ ಇಟ್ಟಿದ್ದೆ. ಗುರಣ್ಣ ಓಡಿ ಬಂದು ಮೀಟರ್ ಎತ್ತಾಕ ಹೋದ. ನಾನ ಬೈದೆ. ಪೂಜಿಗಿಟ್ಟಿದ್ದು ಪೂಜಿ ಆಗೋಮಟ ಎತ್ತಬಾರ್ದೋ ಮಾರಾಯ, ಇದೊಂದು ದಿನ ಅದಕ್ಕೂ ಸೂಟಿ ಕೊಡು ಅಂದೆ. ನಕ್ಕೊಂತ ಬಿಟ್ಟು ಹೋದ.” ಅವಳ ದನಿ ಒಡೆಯಿತು. “ನಾನು ಎತ್ತಗೊಡಬೇಕಿತ್ತೇನ್ರಿ?”

“ನೀನು ಅಡಿಗಿ ಮಾಡಾಕಿ,” ಎಂದ ಗುರುಬಸವರಾಜ ಒರಟಾಗಿ. “ನಿನಗೇನು ಗೊತ್ತು? ನಾನು ಎತ್ಕೊಂಡು ಹೋಗ್ಬೇಕಿತ್ತು. ಒಂದ ಜಾಯಿಂಟು. ಎಷ್ಟು ಸಾವಿರ ಹೊಡದೀನಿ, ಒಮ್ಮಿಗೂ ಕೈ ಕೊಟ್ಟಿರಲಿಲ್ಲ ಅಂತ...”



“ಆ ಪೈಪು?” ಪಾಲಾಕ್ಷಪ್ಪ ಕೇಳಿದ.

“ಸುತ್ತಿ ಚೌಡನ ಕೈಗೆ ಕೊಟ್ಟೆ. ಒರಸಿ ಪೂಜೆಗೆ ಇಡು ಅಂದೆ.”

ಸುಮಲತಾಳ ಕೈ ಬಾಯಿಗೆ ಹೋಯಿತು.

ಬೆಳಿಗ್ಗೆ ಚೌಡಣ್ಣ ಹೇಳಿದ ಮಾತು ಪಾಲಾಕ್ಷಪ್ಪನಿಗೆ ಈಗ ಅರ್ಥವಾಯಿತು. ‘ಪೈಪಿನ ಮೂತಿ ಬಿಚ್ಚಿ ಜಾಡಿಸಿದೆ ಸಾರ್. ಒಳಗಿಂದ ಬಾಲ ಬಿತ್ತು. ಗುರಣ್ಣನ ಸಾಮಾನು ಅಂತ ಎತ್ತಿ ತಟ್ಟ್ಯಾಗ ಇಟ್ಟೆ.’ ಜ್ವರದ ಬಡಬಡಿಕೆ ಎಂದುಕೊಂಡಿದ್ದ ಆಗ. ಯಾವ ಬಾಲ, ಯಾವ ತಟ್ಟೆ?

“ಮೇಡಂ, ಸೋರ್ಸ್ ನೋಡಾಕ ಹೆಂಗಿರ್ತೈತಿ?”

ಸುಮಲತಾ ಬ್ಯಾಗಿನಲ್ಲಿ ಕೈಯಾಡಿಸಿ ಒಂದು ತುಂಡು ತೆಗೆದಳು. “ಇದು ಬರೀ ನಮೂನೆ. ಹೊಸಬರಿಗೆ ತೋರಿಸಲಿಕ್ಕೆ ಇಟ್ಟುಕೊಂಡಿರ್ತೀನಿ. ಇದರಲ್ಲಿ ಏನೂ ಇಲ್ಲ, ಮುಟ್ಟಬಹುದು.”

ಗೇಣಿಗಿಂತ ಚಿಕ್ಕದಾದ ಉಕ್ಕಿನ ಹೊಸೆದ ತಂತಿ. ಇಲಿಯ ಬಾಲದ ಹಾಗೆ ಬಳುಕುತ್ತಿತ್ತು. ಒಂದು ತುದಿಯಲ್ಲಿ ಹೊಳೆಯುವ ಸಣ್ಣ ಕೊಳವೆ.

“ಚೌಡಣ್ಣನಿಗೆ ಇದನ್ನ ಯಾವತ್ತಾದ್ರೂ ತೋರಿಸಿದ್ರಾ?” ಸುಮಲತಾ ಗುರುಬಸವರಾಜನನ್ನು ಕೇಳಿದಳು.

“ಇಲ್ಲ.”

“ಕೆಲಸಕ್ಕೆ ಸೇರಿಸಿಕೊಂಡಾಗ ಏನು ಹೇಳಿದ್ರಿ ಅವನಿಗೆ?”

“ಕ್ಯಾಮರಾ ಹೊರು, ಹಗ್ಗ ಕಟ್ಟು, ನಾನು ಓಡು ಅಂದ್ರ ಓಡು ಅಂತ.”

ಕರಿಯಕ್ಕ ಮುಂದೆ ಬಂದಳು. ನಮೂನೆಯನ್ನು ಮುಟ್ಟದೆಯೇ, ಬಗ್ಗಿ ನೋಡಿದಳು.

“ಇದು ತಟ್ಟ್ಯಾಗ ಇತ್ತಲ್ರಿ,” ಎಂದಳು. “ನಿಂಬಿಹಣ್ಣಿನ ಪಕ್ಕ. ನಾನ ಅದರ ಮ್ಯಾಲೆ ಚೆಂಡುಹೂವು ಹಾಕಿದೆ.”

 ಕ್ಯಾಂಪಿನ ಜನರೆಲ್ಲ ಆ ತಟ್ಟೆಗೆ ಕೈ ಮುಗಿದಿದ್ದರು. ಒಬ್ಬೊಬ್ಬರಾಗಿ ಬಂದು ಬಗ್ಗಿ ಮಂಗಳಾರತಿ ತೆಗೆದುಕೊಂಡಿದ್ದರು. ಅದೇ ಸಾಲಿನಲ್ಲಿ, ಕೈಗೆ ಸಿಗುವಷ್ಟು ದೂರದಲ್ಲಿ, ಹಳದಿ ಮೀಟರ್ ಹಣೆಗೆ ಕುಂಕುಮ ಇಟ್ಟುಕೊಂಡು ಕೂತಿತ್ತು. ಯಾರಾದರೂ ಅದರ ಗುಂಡಿ ತಿರುಗಿಸಿದ್ದರೆ ಸಾಕಿತ್ತು. ಯಾರೂ ತಿರುಗಿಸಿರಲಿಲ್ಲ. ಅವತ್ತು ಅದಕ್ಕೆ ಸೂಟಿ.

“ಪೂಜಿ ಆದಮ್ಯಾಲೆ ಆ ತಟ್ಟೇದು ಏನು ಮಾಡಿದಿ ಕರಿಯಕ್ಕ?” ಪಾಲಾಕ್ಷಪ್ಪನ ದನಿಯಲ್ಲಿ ಸಿಟ್ಟು ಉಳಿದಿರಲಿಲ್ಲ. “ನಿದಾನಕ್ಕ ನೆನಸಿಕೊಂಡು ಹೇಳು.”

“ನೆನಸೋದೇನೈತ್ರಿ. ವರ್ಷಾ ಮಾಡೂದ. ತಟ್ಟ್ಯಾಗಿನ ಕಾಯಿ, ನಿಂಬಿಹಣ್ಣು, ಹೂವು, ಬನ್ನಿ ಎಲಿ ಎಲ್ಲಾ ಕೂಡಿಸಿ ಕೆಂಪು ಬಟ್ಟ್ಯಾಗ ಗಂಟು ಕಟ್ಟೂದು. ಕ್ಯಾಂಪಿನಾಗ ಹಿರೇ ಕೆಲಸಗಾರ ಯಾರು ಅದಾರ, ಅವರ ಮನಿಗೆ. ದೀಪಾವಳಿ ತನಕ ದೇವರ ಜಗಲಿ ಮ್ಯಾಲೆ ಇರಬೇಕು. ಬಿಚ್ಚಂಗಿಲ್ಲ.”

“ಈ ಸಲ ಯಾರ ಮನಿಗೆ ಹೋತು?”

ಕರಿಯಕ್ಕ ಗುರುಬಸವರಾಜನ ಮುಖ ನೋಡಿದಳು.

“ನಿನ್ನ ಕೈಯಾಗ ಕೊಟ್ನೆಲ್ಲೋ ಗುರಣ್ಣ. ನಿನ್ನ ಹೇಣ್ತಿ ಸುಕನ್ಯಾನ ಕೈಲಿ ದಿನಾ ದೀಪ ಹಚ್ಚಿಸು ಅಂದೆ.”

ಗುರುಬಸವರಾಜ ಅಲುಗಾಡಲಿಲ್ಲ. ಅವನ ಕಣ್ಣು ಟೇಬಲ್ ಮೇಲಿದ್ದ ಪೇಡದ ಡಬ್ಬಿಯ ಮೇಲಿತ್ತು. ಬೆಳಿಗ್ಗೆ ಅವನೇ ತಂದು ಎಲ್ಲರಿಗೂ ಹಂಚಿದ್ದ ಪೇಡ. ಸಂಶಯ ಇದ್ದರೂ, ಮನೆಯಲ್ಲಿ ಸಿಹಿ ಸುದ್ದಿ ಎಂದಾಗ ಇಲ್ಲವೆನ್ನಲಾಗದೆ ಪಾಲಾಕ್ಷಪ್ಪನೂ ಒಂದು ತಿಂದಿದ್ದ. ಗುರುಬಸವರಾಜ ಕೈ ಚಾಚಿ, ಬಿದ್ದಿದ್ದ ಮುಚ್ಚಳವನ್ನು ಎತ್ತಿದ. ಡಬ್ಬಿಯ ಮೇಲೆ ಇಟ್ಟ. ಅದು ಸರಿಯಾಗಿ ಕೂರುವ ತನಕ ನಾಲ್ಕೂ ಮೂಲೆ ಒತ್ತಿದ.

ಎದ್ದು ನಿಂತ.

“ನೀರು ಕುಡದು ಬರ್ತೀನ್ರಿ,” ಎಂದ.

ಕುಡಿಯುವ ನೀರಿನ ಕ್ಯಾನ್ ಬಾಗಿಲಾಚೆಯೇ ಇತ್ತು. ಮುಖ ಬಿಳಿಚಿದ ಮನುಷ್ಯನಿಗೆ ಒಂದು ಲೋಟ ನೀರು ಬೇಡ ಎನ್ನುವುದು ಹೇಗೆ? ಪಾಲಾಕ್ಷಪ್ಪ ತಲೆಯಾಡಿಸಿದ. ಚೌಡಣ್ಣನ ವಿಷಯದಲ್ಲಿ ಕೈ ಮುಂದು ಮಾಡಿದ್ದ. ಇವನ ವಿಷಯದಲ್ಲಿ ಕೈ ಹಿಂದೆ ಕಟ್ಟಿದ. ಎರಡೂ ತಪ್ಪಾಯಿತು.

ಟೇಬಲ್ ಮೇಲೆ ಮತ್ತೆ ಫೋನು ಹೊಡೆದುಕೊಂಡಿತು. ಗುರುಬಸವರಾಜ ಅದನ್ನು ಬಿಟ್ಟೇ ಹೋಗಿದ್ದ. ಪರದೆಯ ಮೇಲೆ ‘ಸುಕನ್ಯಾ’ ಎಂದಿತ್ತು. ಪಾಲಾಕ್ಷಪ್ಪ ಎತ್ತಿ ಸ್ಪೀಕರ್ ಒತ್ತಿದ.

“ಯಾಕ್ರಿ ಕಟ್ ಮಾಡ್ತೀರಿ ಬೆಳಿಗ್ಗಿಂದ?” ಸೋತ ಹೆಣ್ಣುದನಿ. “ಇವತ್ತೂ ವಾಂತಿ ನಿಂತಿಲ್ಲ. ನೀರೂ ನಿಲ್ಲವಲ್ದು. ಓಣಿ ಹೆಂಗಸ್ರು ಮೊದಲನೇ ಬಸಿರು ಹಿಂಗ ಇರ್ತೈತಿ ಅಂತಾರ. ನನಗ್ಯಾಕೋ ಅಂಜಿಕಿ ಆಗಾಕತ್ತೈತ್ರಿ. ಹಾಸಿಗಿ ಬಿಟ್ಟು ಏಳಾಕ ಆಗವಲ್ದು. ದೇವರ ಜಗಲಿ ಮುಂದ ಮಲಗೀನಿ, ಅಲ್ಲೊಂದೀಟು ತಂಪೈತಿ ಅಂತ...”

ಸುಮಲತಾ ಫೋನು ಕಸಿದುಕೊಂಡಳು.

“ಸುಕನ್ಯಾ, ನಾನು ಕಂಪನಿಯಿಂದ ಸುಮಲತಾ. ನಾ ಹೇಳೋದು ಕೇಳಮ್ಮ. ಈಗಿಂದೀಗ ಮನೆ ಬಿಟ್ಟು ಹೊರಗೆ ಬಾ. ಹೌದು, ಈಗಲೇ. ಬೀಗ ಹಾಕಬೇಡ. ಜಗಲಿ ಮೇಲಿಂದು ಏನೂ ಮುಟ್ಟಬೇಡ. ಓಣಿ ತುದಿಗೆ ಹೋಗಿ ಕೂತುಕೊ. ಪಕ್ಕದ ಮನೆಯವರನ್ನೂ ಎಬ್ಬಿಸಿ ಕರ್ಕೊಂಡು ಹೋಗು.”

“ಯಾಕ್ರೀ ಅಕ್ಕಾರ? ಏನಾಗೇತಿ? ಅವರೆಲ್ಲಿ?”

“ಅವರು ಇಲ್ಲೇ...”

ಹೊರಗೆ ಬೈಕು ಶುರುವಾದ ಸದ್ದು. ಪಾಲಾಕ್ಷಪ್ಪ ಬಾಗಿಲಿಗೆ ಓಡಿದ. ನೀರಿನ ಕ್ಯಾನಿನ ಮೇಲೆ ಲೋಟ ಬೋರಲಾಗಿಯೇ ಇತ್ತು. ಕೊಟ್ಟೂರಿನ ಕಡೆಯ ರಸ್ತೆಯಲ್ಲಿ ಧೂಳು ಎದ್ದಿತ್ತು. ಕೊಟ್ಟೂರು ದಾಟಿದರೆ ಮುಂದೆ ಹರಪನಹಳ್ಳಿ.

“ಹೋದ,” ಎಂದ.

ಸುಮಲತಾ ಟೇಬಲ್ ನೋಡಿದಳು. ಹಳದಿ ಮೀಟರ್ ಅಲ್ಲೇ ಇತ್ತು.

“ಈ ಸಲಾನೂ ಮೀಟರ್ ಬಿಟ್ಟು ಹೋದ.”

* * *

ಜೀಪು ತಕ್ಷಣ ಹೊರಡಲಿಲ್ಲ. ಸೋರ್ಸ್ ಸಿಕ್ಕರೆ ಹಾಕಿ ಮುಚ್ಚಲು ಸೀಸದ ದಪ್ಪ ಪಾತ್ರೆ ಬೇಕಿತ್ತು. ನಾಲ್ಕು ಜನ ಹೊತ್ತು ಏರಿಸಿದರು. ದೂರದಿಂದ ಎತ್ತುವ ಉದ್ದನೆಯ ಇಕ್ಕಳ ಹುಡುಕಬೇಕಾಯಿತು. ಪಾಲಾಕ್ಷಪ್ಪ ಹರಪನಹಳ್ಳಿಗೆ ಫೋನು ಹಚ್ಚಿ, ಓಣಿಯ ಎರಡೂ ಬಾಯಿ ಬಂದ್ ಮಾಡಿಸಲು, ಆಂಬುಲೆನ್ಸ್ ತರಿಸಲು, ಬೈಕಿನವನನ್ನು ಕಂಡರೆ ಹಿಡಿಯಲು ಹೇಳಿದ. ಜೀಪು ಹೊರಟಿತು. ಬಾಯಲ್ಲಿ ಬೆಳಗಿನ ಪೇಡದ ಸಿಹಿ ಇನ್ನೂ ಇದೆ ಅನಿಸಿ ಎರಡು ಸಲ ಹೊರಗೆ ಉಗುಳಿದ.

“ಅಂವ ಕೈಯಾಗ ಹಿಡದ್ರ ಏನಾಗ್ತೈತ್ರಿ?” ಎಂದ ಕೊನೆಗೆ.

“ಚೌಡಣ್ಣ ಚಿಟಿಕೆಯಲ್ಲಿ ಸ್ವಲ್ಪ ಹೊತ್ತು ಹಿಡಿದಿದ್ದ. ಅವನ ಬೆರಳು ನೀವು ನೋಡೀರಿ.”

ಓಣಿಯ ಬಾಯಲ್ಲಿ ಜನ ನೆರೆದಿದ್ದರು. ಬೇವಿನ ಮರದ ಕೆಳಗೆ ಸುಕನ್ಯಾ ಕೂತಿದ್ದಳು. ಕಣ್ಣು ಗುಳಿಬಿದ್ದಿದ್ದವು. ತೊಡೆಯ ಮೇಲೆ ಯಾರೋ ಕೊಟ್ಟ ನಿಂಬೆಹಣ್ಣು. ಸುಮಲತಾಳನ್ನು ಕಂಡು ಏಳಲು ನೋಡಿದಳು, ಆಗಲಿಲ್ಲ.

“ಬಂದಿದ್ರು ಅಕ್ಕಾರ,” ಎಂದಳು. “ಪೊಲೀಸರು ಬರೋಕಿಂತ ಮೊದಲ. ನನ್ನ ಕಡೆ ನೋಡಿದ್ರು. ಹತ್ರ ಬರಲಿಲ್ಲ. ಸೀದಾ ಮನಿ ಒಳಗ ಹೋದ್ರು. ಹೊರಗ ಬರೋವಾಗ ಕೈಯಾಗ ಆ ಕೆಂಪು ಗಂಟಿತ್ತು. ಕೂಸಿನಂಗ ಎದಿಗೆ ಹಿಡಕೊಂಡಿದ್ರು. ನಾ ಎದ್ದೆ. ‘ಅಲ್ಲೇ ಇರು, ಹತ್ರ ಬಂದಿ ಅಂದ್ರ ನನ್ನ ಹೆಣ ನೋಡ್ತಿ’ ಅಂತ ಒದರಿದ್ರು. ಇಷ್ಟು ವರ್ಷದಾಗ ಹಂಗ ಒಮ್ಮಿಗೂ ಒದರಿಲ್ಲ ಅವ್ರು.”

“ಎತ್ತ ಹೋದ?” ಪಾಲಾಕ್ಷಪ್ಪ ಕೇಳಿದ.

“ಹಿತ್ತಲ ಬಾಗಿಲಿಂದ. ನಡಕೊಂತ. ಬೈಕ್ ಇಲ್ಲೇ ಐತಿ ನೋಡ್ರಿ.” ಅವಳು ಸುಮಲತಾಳ ಸೆರಗು ಹಿಡಿದಳು. “ಅಕ್ಕಾರ, ಗಂಟಿನಾಗ ಏನಿತ್ತು? ನಾನು ದಿನಾ ದೀಪ ಹಚ್ಚೀನಿ. ನಾನೇನು ತಪ್ಪು ಮಾಡೀನಿ?”

ಸುಮಲತಾ ಅವಳ ಕೈ ಬಿಡಿಸಿಕೊಳ್ಳಲಿಲ್ಲ. ಆಂಬುಲೆನ್ಸಿನವರು ಬಂದು ಬಿಡಿಸಬೇಕಾಯಿತು.

ಆಮೇಲೆ ಅವಳು ಓಣಿಯ ಬಾಯಿಂದಲೇ ಶುರು ಮಾಡಿದಳು. “ಗಂಟು ಒಯ್ದಾನ ಅಂದ್ರ ಇನ್ನೇನು ನೋಡೂದು?” ಎಂದ ಪಾಲಾಕ್ಷಪ್ಪನಿಗೆ, “ಬಟ್ಟೆಯಿಂದ ಜಾರಿ ಬಿದ್ದಿದ್ರೆ? ಯಾರದೋ ಬಾಯಿಮಾತಿನ ಮೇಲೆ ನಾನು ಒಳಗೆ ಹೋಗಲ್ಲ,” ಎಂದಳು. ತನ್ನ ಮೀಟರನ್ನು ದೊಡ್ಡ ಅಳತೆಗೆ ಇಟ್ಟಳು. ಹಳದಿ ಮೀಟರನ್ನು ಅವನ ಕೈಗೆ ಕೊಟ್ಟು ಆನ್ ಮಾಡಿದಳು.

“ನನ್ನ ಹಿಂದೆ ಬರ್ರಿ. ನಾ ನಿಂತ್ರೆ ನಿಲ್ರಿ. ಸೋರ್ಸಿನ ತೀರಾ ಹತ್ರ ಒಮ್ಮೆಲೇ ಹೋದ್ರೆ ಕೆಲವು ಮೀಟರು ಉಸಿರುಗಟ್ಟಿ ಸೊನ್ನೆ ತೋರಿಸ್ತವೆ. ಅದಕ್ಕೆ ದೂರದಿಂದ, ಸಾವಕಾಶ ಹೋಗಬೇಕು.”

ಹೆಜ್ಜೆ ಹೆಜ್ಜೆಗೂ ಮುಳ್ಳು ನೋಡುತ್ತ ನಡೆದರು. ಕಟ್ಟೆ. ಹೊಸ್ತಿಲು. ಪಡಸಾಲೆ. ನೆಲದ ಮೇಲೆ ಸುಕನ್ಯಾಳ ಚಾಪೆ, ತಲೆದಿಂಬು, ಒಂದು ಚೊಂಬು. ಅದಕ್ಕೆ ತೋಳಳತೆಯಲ್ಲಿ ಜಗಲಿ. ದೀಪ ಇನ್ನೂ ಉರಿಯುತ್ತಿತ್ತು. ಗಂಟು ಇದ್ದ ಜಾಗದಲ್ಲಿ ದುಂಡಗೆ ಗುರುತು, ಸುತ್ತ ಒಣಗಿದ ಚೆಂಡುಹೂವಿನ ಎಸಳು.

ಸುಮಲತಾ ಅಳತೆಯನ್ನು ಚಿಕ್ಕದಕ್ಕೆ ತಂದಳು. ಜಗಲಿಯ ಮೇಲೆ ಹಿಡಿದಳು. ಕೆಳಗೆ, ಹಿಂದೆ, ಚಾಪೆಯ ಅಡಿಯಲ್ಲಿ. ಎಲ್ಲೂ ಏನೂ ಇರಲಿಲ್ಲ. ಪಾಲಾಕ್ಷಪ್ಪ ಹಳದಿ ಮೀಟರ್ ಹಿಡಿದು ಅಡುಗೆಮನೆ ದಾಟಿ ಹಿತ್ತಲ ಬಾಗಿಲಿಗೆ ಬಂದ. ಬಾಗಿಲು ತೆರೆದಿತ್ತು. ಆಚೆ ಮೆಕ್ಕೆಜೋಳದ ಹೊಲ, ಆಳೆತ್ತರ ಬೆಳೆದು ನಿಂತಿತ್ತು. ಅದರೊಳಗೆ ಒಬ್ಬ ಮನುಷ್ಯ ನುಗ್ಗಿ ಹೋದಷ್ಟು ದಾರಿಯಾಗಿತ್ತು.

ಗಾಳಿಗೆ ಜೋಳದ ಗರಿಗಳು ಸರಿದಾಡಿದವು. ಆ ದಾರಿಯಲ್ಲಿ ಯಾರೂ ವಾಪಸ್ ಬರಲಿಲ್ಲ.

ಪಾಲಾಕ್ಷಪ್ಪ ಕೈಯಲ್ಲಿದ್ದ ಮೀಟರ್ ನೋಡಿದ. ಮುಳ್ಳು ಸೊನ್ನೆಯ ಹತ್ತಿರವೇ ಮಲಗಿತ್ತು.

ಈ ಸಲ ಅದನ್ನು ಯಾರೂ ಸತ್ತಿದೆ ಎನ್ನಲಿಲ್ಲ.